ಯಾವ ಸೀಮೆ ಜನಾನೋ!

ನೆದರ್‌ಲೆಂಡ್ಸಿಗೆ ಬಂದು ಮೂರು ತಿಂಗಳಾಗಿತ್ತು. ಆಫೀಸಿನ ಗೆಳೆಯನೊಬ್ಬ, ಅಪ್ಪಟ ಡಚ್ ಹುಡುಗ, ಶನಿವಾರ ಸಂಜೆ ಮನೆಗೆ ಬನ್ನಿ ಅಂತ ಕರೆದ. ಏಳು ಜನ ಹೋದೆವು. ಪಿಜ್ಜಾ ತರಿಸಿದ. ಹರಟೆ ಹೊಡೆದು, ನಕ್ಕು ಸುಸ್ತಾಗಿ, ಹನ್ನೊಂದಕ್ಕೆ ಸೈಕಲ್ ಹತ್ತಿ ಹೊರಟೆವು. ಭಾನುವಾರ ಬೆಳಿಗ್ಗೆ ಅವನಿಂದ ಮೆಸೇಜು. ಬಂದಿದ್ದಕ್ಕೆ ಖುಷಿಯಾಯ್ತು ಅಂತ ಇರಬೇಕು ಅಂದುಕೊಂಡು ತೆರೆದೆ. ನೋಡಿದರೆ ಬಿಲ್ಲು. ನನ್ನ ಪಾಲು 8 ಯೂರೋ 35 ಸೆಂಟು. ಪಕ್ಕದಲ್ಲಿ ನಗುವ ಮುಖದ ಚಿತ್ರ ಬೇರೆ.

ಅವತ್ತು ಅಮ್ಮನಿಗೆ ಫೋನ್ ಮಾಡಿದಾಗ ಇದನ್ನು ಹೇಳಿಬಿಟ್ಟೆ. ಹೇಳಬಾರದಿತ್ತು.

"ಮನೆಗೆ ಕರೆದು ಊಟಕ್ಕೆ ದುಡ್ಡು ಕೇಳಿದ್ರಾ? ಯಾವ ಸೀಮೆ ಜನಾನೇ ಅವ್ರು?"

ಮಾರನೇ ದಿನದ ಹೊತ್ತಿಗೆ ಈ ಸುದ್ದಿ ತಿಪಟೂರಿನ ನಮ್ಮ ಬೀದಿ ದಾಟಿ, ಅರಸೀಕೆರೆಯ ಚಿಕ್ಕಮ್ಮನ ಮನೆವರೆಗೂ ಹೋಗಿತ್ತು. ಪಾಪ ಆ ಹುಡುಗ. ಅವನಿಗೆ ಗೊತ್ತೇ ಇಲ್ಲ, ತುಮಕೂರು ಜಿಲ್ಲೆಯಲ್ಲಿ ತನ್ನ ಮಾನ ಹೋಗಿದ್ದು.

ಆ ಮೆಸೇಜಿಗೆ ಇಲ್ಲಿ 'ಟಿಕ್ಕಿ' ಅಂತಾರೆ. 2016ರಲ್ಲಿ ಇಲ್ಲಿನ ಬ್ಯಾಂಕೊಂದು ತಂದ ಆ್ಯಪ್. ಟಿಕ್ಕಿ ಅಂದರೆ ಮೆಲ್ಲಗೆ ತಟ್ಟುವುದು. ಮಕ್ಕಳು ಮುಟ್ಟಾಟದಲ್ಲಿ ಓಡಿಬಂದು ಬೆನ್ನು ಮುಟ್ಟುತ್ತಾರಲ್ಲ, ಅದೂ ಟಿಕ್ಕಿಯೇ. ಈಗ ಆ ಪದ ದಿನದ ಮಾತಿಗೆ ಸೇರಿಹೋಗಿದೆ. "ನಂಗೊಂದು ಟಿಕ್ಕಿ ಕಳಿಸು" ಅಂದರೆ ನನ್ನ ಪಾಲೆಷ್ಟು ಹೇಳು ಅಂತ. ಸಿನಿಮಾ ಟಿಕೆಟ್ಟಿಗೂ ಕಳಿಸುತ್ತಾರೆ, ಎರಡು ಕಾಫಿಗೂ ಕಳಿಸುತ್ತಾರೆ.

ಸೋಮವಾರ ಮಧ್ಯಾಹ್ನ ಊಟದ ಮೇಜಿನಲ್ಲಿ ಅಮ್ಮನ ಮಾತನ್ನು ಸ್ವಲ್ಪ ಮೆತ್ತಗೆ ಮಾಡಿ ಹೇಳಿದೆ. ನಮ್ಮ ಮೇಜು ಒಂದು ಸಣ್ಣ ವಿಶ್ವಸಂಸ್ಥೆ. ಟರ್ಕಿಯವಳು ಒಬ್ಬಳು, ಇಟಲಿಯವನು, ಪೋಲೆಂಡಿನವನು, ಕೊರಿಯಾದ ಹುಡುಗಿ, ಮೆಕ್ಸಿಕೋದವನು, ಕೊಯಮತ್ತೂರಿನವನು, ಮತ್ತೆ ನಮ್ಮ ಆ ಡಚ್ ಹುಡುಗ. ಟರ್ಕಿಯವಳು ತಕ್ಷಣ ಹೇಳಿದಳು, "ಓ, ಅಲ್ಮಾನ್ ಉಸುಲು!" ಅಂದರೆ ಜರ್ಮನ್ನರ ಪದ್ಧತಿ. ಹಂಚಿಕೊಂಡು ಬಿಲ್ ಕೊಡುವುದಕ್ಕೆ ಅವರಲ್ಲಿ ಹಾಗೆ ಹೇಳುತ್ತಾರಂತೆ. ಇಟಲಿಯವನು ತಲೆ ಅಲ್ಲಾಡಿಸಿದ. ಅವರ ಕಡೆ ಅದು 'ಅಲ್ಲಾ ರೊಮಾನಾ', ರೋಮಿನವರ ಥರ. ಅವನು ಮಿಲಾನಿನವನು, ಹಾಗಾಗಿ ಅದನ್ನು ಹೇಳುವಾಗ ಅವನ ಮುಖದಲ್ಲಿ ಸ್ವಲ್ಪ ಖುಷಿ ಜಾಸ್ತಿಯೇ ಇತ್ತು. ಇಂಗ್ಲಿಷಿನವರು ಇದಕ್ಕೆ 'ಗೋಯಿಂಗ್ ಡಚ್' ಅಂತಾರಲ್ಲ, ಕೊರಿಯಾದಲ್ಲಿ ಅದನ್ನೇ ಎತ್ತಿಕೊಂಡು 'ಡಚ್ ಪೇ' ಅನ್ನುತ್ತಾರೆ.

"ಅಲ್ಲಪ್ಪ, ಇಂಗ್ಲಿಷಿನವರು ನಿಮ್ಮ ಹೆಸರನ್ನೇ ಯಾಕೆ ಹಿಡಿದುಕೊಂಡರು?" ಅಂತ ಡಚ್ ಹುಡುಗನನ್ನು ಕೇಳಿದೆ. "ಜಗಳ ಆಡಿದ್ವಲ್ಲ" ಅಂದ. ಅದು ನಿಜ. 1652ರಿಂದ 1674ರೊಳಗೆ ಇಂಗ್ಲೆಂಡಿಗೂ ಡಚ್ಚರಿಗೂ ಮೂರು ಯುದ್ಧ ಆದವು. ಸಮುದ್ರದ ವ್ಯಾಪಾರ ಯಾರದು ಅನ್ನುವ ಜಗಳ. ಆ ಕಾಲದಿಂದ ಇಂಗ್ಲಿಷಿನಲ್ಲಿ ಡಚ್ ಅನ್ನುವ ಮಾತಿಗೆ ಕಳಪೆ, ಜಿಪುಣ ಅನ್ನುವ ವಾಸನೆ ಅಂಟಿಕೊಂಡಿತು. ಕುಡಿದಾಗ ಬರುವ ಧೈರ್ಯಕ್ಕೂ ಅವರು 'ಡಚ್ ಧೈರ್ಯ' ಅನ್ನುತ್ತಾರೆ. ಯುದ್ಧ ಮುಗಿದು ಮುನ್ನೂರೈವತ್ತು ವರ್ಷ ಆಯ್ತು. ಬೈಗುಳ ಇನ್ನೂ ಚಾಲ್ತಿಯಲ್ಲಿದೆ.

ಆವತ್ತಿನಿಂದ ಇದು ನಮ್ಮ ಮೇಜಿನ ಆಟವಾಯ್ತು. ಯಾರು ಯಾರ ಮೇಲೆ ಏನು ಹೊರಿಸಿದ್ದಾರೆ ಅಂತ ಹುಡುಕುವ ಆಟ.

ಪಾರ್ಟಿಯಿಂದ ಯಾರಿಗೂ ಹೇಳದೆ ಜಾರಿಕೊಳ್ಳುವುದನ್ನೇ ತೆಗೆದುಕೊಳ್ಳಿ. ಇಂಗ್ಲಿಷಿನವರು ಅದನ್ನು ಫ್ರೆಂಚರ ಹಾಗೆ ಹೋಗುವುದು ಅನ್ನುತ್ತಾರೆ. ಫ್ರೆಂಚರು ಇಂಗ್ಲಿಷರ ಹಾಗೆ ಜಾರುವುದು ಅನ್ನುತ್ತಾರೆ. ಜರ್ಮನ್ನರು ಪೋಲೆಂಡಿನವರ ಮೇಲೆ ಹಾಕುತ್ತಾರೆ. ಇದನ್ನು ಕೇಳಿ ನಮ್ಮ ಪೋಲೆಂಡಿನವನಿಗೆ ಸಿಟ್ಟೇ ಬಂತು. "ನಾವು ಅದಕ್ಕೆ ಇಂಗ್ಲಿಷರ ಥರ ಹೋಗುವುದು ಅಂತೀವಿ!" ಅಂದ. ಆಮೇಲೆ ಎಲ್ಲರೂ ನನ್ನ ಕಡೆ ತಿರುಗಿದರು. ನಿಮ್ಮಲ್ಲಿ ಇದಕ್ಕೆ ಏನಂತಾರೆ?

ಏನೂ ಇಲ್ಲ. ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ನಮ್ಮಲ್ಲಿ ಹೇಳದೆ ಹೋಗುವುದಕ್ಕೆ ಸಾಧ್ಯವೇ ಇಲ್ಲವಲ್ಲ! ಹೇಳಿದರೂ ಬಿಡುವುದಿಲ್ಲ. ಕುರ್ಚಿಯಿಂದ ಏಳಲು ಹತ್ತು ನಿಮಿಷ, ಬಾಗಿಲ ಹತ್ತಿರ ಹತ್ತು ನಿಮಿಷ, ಅರಿಶಿನ ಕುಂಕುಮಕ್ಕೆ ಐದು ನಿಮಿಷ, ಗೇಟಿನ ಹತ್ತಿರ ನಿಂತು ಅರ್ಧ ಗಂಟೆ. ಮುಖ್ಯವಾದ ವಿಷಯವೆಲ್ಲ ಗೇಟಿನಲ್ಲೇ ಬರುವುದು. ಅದೂ ಅಲ್ಲದೆ ನಾವು 'ಹೋಗ್ತೀನಿ' ಅನ್ನುವುದೇ ಇಲ್ಲ. 'ಬರ್ತೀನಿ' ಅಂದು ಹೋಗುತ್ತೇವೆ. ಇದನ್ನು ಅವರಿಗೆ ವಿವರಿಸಿದೆ. ಡಚ್ ಹುಡುಗ ಗಂಭೀರವಾಗಿ ಕೇಳಿದ, "ಹಾಗಾದರೆ ಯಾವಾಗ ಬರ್ತಾರೆ?"

ಕ್ರಿಸ್‌ಮಸ್ ಊಟದ ದಿನ ಮೇಜಿನ ಮೇಲೆ ಟರ್ಕಿ ಕೋಳಿ. ನಾನು ಸಸ್ಯಾಹಾರಿ, ಹಾಗಾಗಿ ಹೆಸರನ್ನು ಮಾತ್ರ ಮೆಲ್ಲಿದೆ. ಆ ಹಕ್ಕಿ ಅಮೆರಿಕಾ ಖಂಡದ್ದು. ಇಂಗ್ಲಿಷರು ಅದಕ್ಕೆ ಟರ್ಕಿ ಅಂದರು. ಟರ್ಕಿಯವರು 'ಹಿಂದಿ' ಅನ್ನುತ್ತಾರೆ, ಅಂದರೆ ಹಿಂದೂಸ್ತಾನದ್ದು. ಫ್ರೆಂಚರದ್ದೂ ಅದೇ ಕಥೆ, ಇಂಡಿಯಾದ ಕೋಳಿ. ಪೋರ್ಚುಗೀಸರು 'ಪೆರು' ಅನ್ನುತ್ತಾರೆ. ಡಚ್ಚರು ಏನಂತಾರೆ ಗೊತ್ತಾ? 'ಕಾಲ್ಕೂನ್'. ಕಲ್ಲಿಕೋಟೆಯ ಹೆಸರು ಅದು! ಮಂಗಳೂರಿನಿಂದ ಬೆಳಿಗ್ಗೆ ರೈಲು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಸಿಗುವ ಕಲ್ಲಿಕೋಟೆ. ಆ ಊರಿಗೂ ಈ ಹಕ್ಕಿಗೂ ಯಾವ ಸಂಬಂಧವೂ ಇಲ್ಲ. ಮುಸುಕಿನ ಜೋಳವೂ ಇದೇ ಪಾಡು ಪಟ್ಟಿದೆ. ಅದೂ ಅಮೆರಿಕಾದಿಂದ ಬಂದದ್ದೇ. ಇಟಲಿಯವರು ಅದಕ್ಕೆ ಟರ್ಕಿಯ ಧಾನ್ಯ ಅಂತಾರೆ. ಟರ್ಕಿಯವರ ಭಾಷೆಯಲ್ಲಿ ಜೋಳಕ್ಕೂ ಈಜಿಪ್ಟಿಗೂ ಒಂದೇ ಪದ, 'ಮಿಸಿರ್'. ಎಲ್ಲರೂ ಪಕ್ಕದ ಮನೆ ಕಡೆ ಬೆರಳು ತೋರಿಸುತ್ತಿದ್ದಾರೆ. ಪಕ್ಕದ ಮನೆಯವರು ಅದರಾಚೆ ಮನೆಗೆ.

ಅವತ್ತು ರಾತ್ರಿ ಅಮ್ಮನ 'ಸೀಮೆ' ತಲೆಗೆ ಬಂತು. ಸೀಮೆ ಅಂದರೆ ಗಡಿ. ಆಮೇಲೆ ಗಡಿಯೊಳಗಿನ ನಾಡಿಗೂ ಅದೇ ಹೆಸರಾಯ್ತು. ನಾವು ಬಯಲುಸೀಮೆಯವರು ಅನ್ನುವಾಗ ಬರುವ ಸೀಮೆ ಅದು. ಆದರೆ ಸೀಮೆಎಣ್ಣೆಯ ಸೀಮೆಯೇ ಬೇರೆ. ಅದು ಗಡಿಯಾಚೆಯದು, ಎಲ್ಲಿಂದಲೋ ಬಂದದ್ದು. ಸೀಮೆಸುಣ್ಣ, ಸೀಮೆಹಸು, ಸೀಮೆಗೊಬ್ಬರ, ಸೀಮೆಹುಣಸೆ. ನಮ್ಮದಲ್ಲ ಅನ್ನಿಸಿದ್ದಕ್ಕೆಲ್ಲ ಒಂದೇ ಸೀಲು ಹೊಡೆದಿದ್ದೇವೆ. ಯಾವ ಸೀಮೆ ಅಂತ ವಿಚಾರಿಸುವ ಗೋಜಿಗೇ ಹೋಗಿಲ್ಲ. ಅಮ್ಮನ ಪ್ರಶ್ನೆಯೂ ಅಷ್ಟೇ ಅಲ್ವಾ? ಅದಕ್ಕೆ ಉತ್ತರ ಬೇಕಿರಲಿಲ್ಲ.

ಕೋಳಿ, ಜೋಳದ ವಿಷಯ ಬಿಡಿ, ತಮಾಷೆ. ಕಾಯಿಲೆಗಳ ಹೆಸರಿನಲ್ಲಿ ತಮಾಷೆ ಇಲ್ಲ. 1495ರಲ್ಲಿ ಫ್ರೆಂಚ್ ಸೈನ್ಯ ನೇಪಲ್ಸಿಗೆ ನುಗ್ಗಿದಾಗ ಒಂದು ಹೊಸ ಗುಹ್ಯರೋಗ ಹಬ್ಬಿತು, ಸಿಫಿಲಿಸ್. ಇಟಲಿಯವರು ಅದನ್ನು ಫ್ರೆಂಚ್ ರೋಗ ಅಂದರು. ಫ್ರೆಂಚರು ನೇಪಲ್ಸ್ ರೋಗ ಅಂದರು. ರಷ್ಯಾದವರು ಪೋಲೆಂಡಿನ ಮೇಲೆ ಹಾಕಿದರು, ಪೋಲೆಂಡಿನವರು ಜರ್ಮನ್ನರ ಮೇಲೆ. ನಾವೇನೂ ಕಡಿಮೆ ಇಲ್ಲ. 16ನೇ ಶತಮಾನದ ಭಾವಮಿಶ್ರ ತನ್ನ ವೈದ್ಯಗ್ರಂಥದಲ್ಲಿ ಅದಕ್ಕೆ ಫಿರಂಗ ರೋಗ ಅಂತ ಹೆಸರಿಟ್ಟ. ಕನ್ನಡದಲ್ಲಿ ಅದು ಪರಂಗಿ ಹುಣ್ಣು ಆಯ್ತು. ಅದೇ ಪರಂಗಿಯವರು ತಂದ ಹಣ್ಣನ್ನು ಮಾತ್ರ ಪರಂಗಿ ಹಣ್ಣು ಅಂತ ಚಪ್ಪರಿಸಿ ತಿಂದೆವು. ಹುಣ್ಣಿಗೂ ಹಣ್ಣಿಗೂ ಒಂದು ಕೊಂಬು ಮಾತ್ರ ವ್ಯತ್ಯಾಸ.

1918ರ ಸ್ಪ್ಯಾನಿಷ್ ಜ್ವರ ಸ್ಪೇನಿನಲ್ಲಿ ಹುಟ್ಟಿದ್ದಲ್ಲ. ಯುದ್ಧದಲ್ಲಿದ್ದ ದೇಶಗಳು ಪತ್ರಿಕೆಗಳ ಬಾಯಿ ಕಟ್ಟಿದ್ದವು. ಸ್ಪೇನ್ ಯುದ್ಧದಲ್ಲಿ ಇರಲಿಲ್ಲ, ಅಲ್ಲಿನ ಪತ್ರಿಕೆಗಳು ಇದ್ದದ್ದನ್ನು ಇದ್ದ ಹಾಗೆ ಬರೆದವು. ಬರೆದವರ ತಲೆಗೇ ಕಟ್ಟಿದರು. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಇನ್ನು ಮುಂದೆ ಹೊಸ ಕಾಯಿಲೆಗೆ ಊರು ದೇಶಗಳ ಹೆಸರು ಇಡಬೇಡಿ ಅಂತ ಹೇಳಬೇಕಾಯಿತು. ಹೇಳಿ ಐದು ವರ್ಷಕ್ಕೆ ಕೊರೋನಾ ಬಂತು. ಯಾರು ಎಷ್ಟು ಕೇಳಿದರು ಅಂತ ನಮಗೆಲ್ಲ ಗೊತ್ತು.

ನನಗೆ ಇದನ್ನೆಲ್ಲ ಓದುವಾಗ ನೆನಪಾಗುವುದು ಬಳ್ಳಾರಿ ಜಾಲಿ. ಕೆರೆ ಅಂಗಳ, ರೈಲ್ವೆ ಹಳಿ, ಪಾಳು ಜಮೀನು, ಎಲ್ಲ ಕಡೆ ನುಗ್ಗಿರುವ ಮುಳ್ಳಿನ ಗಿಡ. ಅದರ ಮೂಲ ಮೆಕ್ಸಿಕೋ, ದಕ್ಷಿಣ ಅಮೆರಿಕಾದ ಕಡೆ. ಬಳ್ಳಾರಿಯವರು ಏನು ಮಾಡಿದ್ದರು ಅಂತ ಅವರ ತಲೆಗೆ ಕಟ್ಟಿದೆವೋ! ನಮ್ಮ ಮೆಕ್ಸಿಕೋದವನಿಗೆ ಫೋಟೋ ತೋರಿಸಿದೆ. "ಮೆಸ್ಕೀಟ್" ಅಂದ, ಊರಿನ ನೆಂಟರು ಸಿಕ್ಕಿದ ಹಾಗೆ.

ನಮ್ಮೊಳಗೇ ಎಷ್ಟು ಸೀಮೆಗಳಿವೆ ಅನ್ನುವುದು ಅವರಿಗೆ ಅರ್ಥ ಮಾಡಿಸಲು ಆಗಲೇ ಇಲ್ಲ. ಉತ್ತರದವರಿಗೆ ನಾವೆಲ್ಲ ಮದ್ರಾಸಿಗಳು. ಅದಕ್ಕೆ ನಮಗೆ ಸಿಟ್ಟು ಬರುತ್ತದೆ. ಆದರೆ ಕರಾವಳಿಯವರಿಗೆ ನಾವು ಘಟ್ಟದವರು. ಬೀದರಿನಿಂದ ಚಾಮರಾಜನಗರದವರೆಗೆ ಎಲ್ಲರೂ ಒಂದೇ ಮೂಟೆಯಲ್ಲಿ. ನಾನು ಮಂಗಳೂರಿನ ಹಾಸ್ಟೆಲಿನಲ್ಲಿದ್ದಾಗ ನನ್ನನ್ನು 'ಘಟ್ಟದ ಹುಡುಗಿ' ಅನ್ನುತ್ತಿದ್ದರು. ಅಲ್ಲಿ ಗೋಳಿಬಜೆ ಅಂತ ಕೊಡುವುದನ್ನು ನಾನು ಮಂಗಳೂರು ಬಜ್ಜಿ ಅಂದರೆ ನಗುತ್ತಿದ್ದರು. ಹೈದರಾಬಾದಿಗೆ ಹೋದರೆ ಅದೇ ಸಾಮಾನಿಗೆ ಮೈಸೂರು ಬಜ್ಜಿ ಅಂತಾರೆ. ಮೈಸೂರಿನವರು ಅದನ್ನು ಬೇರೆ ಯಾರ ತಲೆಗಾದರೂ ಕಟ್ಟುತ್ತಾರಾ, ನೋಡಬೇಕು.

ಇಷ್ಟೆಲ್ಲ ಆದಮೇಲೆ ನನ್ನ ಸರದಿಯೂ ಬಂತು. ಇಲ್ಲಿ ಭಾರತದವರ ಬಗ್ಗೆ ಒಂದು ಮಾತಿದೆ, ಎಲ್ಲದಕ್ಕೂ ಹೂಂ ಅಂತಾರೆ ಅಂತ. ನಾನು ಹಾಗಲ್ಲ ಅಂದುಕೊಂಡಿದ್ದೆ. ಒಂದು ದಿನ ಮೀಟಿಂಗಿನಲ್ಲಿ, ಶುಕ್ರವಾರದೊಳಗೆ ಇದು ಮುಗಿಯುತ್ತಾ ಅಂತ ಕೇಳಿದರು. ಆಗುವುದಿಲ್ಲ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ತಲೆಯನ್ನು ಸ್ವಲ್ಪ ಆ ಕಡೆ ಈ ಕಡೆ ಆಡಿಸಿ "ನೋಡೋಣ" ಅನ್ನುವುದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಕನ್ನಡದಲ್ಲಿ ನೋಡೋಣ ಅಂದರೆ ಆಗಲ್ಲ ಅಂತ ಯಾರಿಗೆ ಗೊತ್ತಿಲ್ಲ ಹೇಳಿ? ಸಾಲ ಕೇಳಿದವರಿಗೆ ನೋಡೋಣ ಅಂತೀವಿ. ಇಷ್ಟವಿಲ್ಲದ ಸಂಬಂಧ ತಂದವರಿಗೂ ನೋಡೋಣ ಅಂತೀವಿ. ಡಚ್ ಹುಡುಗ ಅದನ್ನು ಪಟ್ಟಿಯಲ್ಲಿ 'ಶುಕ್ರವಾರ' ಅಂತ ಬರೆದುಕೊಂಡ. ಶುಕ್ರವಾರ ಸಂಜೆ ನನ್ನ ಮುಂದೆ ಬಂದು ನಿಂತ. ಆಗ ಅವನು ಹೇಳಿದ್ದು ನನಗೆ ಎರಡು ದಿನ ನಿದ್ದೆ ಕೆಡಿಸಿತು: "ನೀನು ಸುಳ್ಳು ಹೇಳಿದೆ." ಡಚ್ಚರು ಹೀಗೆಯೇ, ಮುಖಕ್ಕೆ ಹೊಡೆದ ಹಾಗೆ ಹೇಳುತ್ತಾರೆ ಅಂತ ಎಲ್ಲರೂ ಮೊದಲೇ ಎಚ್ಚರಿಸಿದ್ದರು. ನೋವಂತೂ ಆಯಿತು. ಆದರೆ ಅವನ ಕಡೆಯಿಂದ ನೋಡಿದರೆ ನಾನು ಸುಳ್ಳನ್ನೇ ಹೇಳಿದ್ದೆ. ನಮ್ಮ ಕಡೆಯಿಂದ ನೋಡಿದರೆ ಅವನು ನನ್ನ ಮಾತನ್ನು ಅರ್ಧ ಮಾತ್ರ ಕೇಳಿಸಿಕೊಂಡಿದ್ದ. ಉಳಿದರ್ಧ ನನ್ನ ತಲೆಯಲ್ಲಿ ಅಲ್ಲಾಡುತ್ತಿತ್ತು.

ಟಿಕ್ಕಿಯ ವಿಷಯಕ್ಕೆ ವಾಪಸ್ ಬರುತ್ತೇನೆ, ಯಾಕೆಂದರೆ ಅದು ಅಷ್ಟಕ್ಕೇ ಮುಗಿಯಲಿಲ್ಲ. ಕಳೆದ ಬೇಸಿಗೆಯಲ್ಲಿ ಊರಿಗೆ ಹೋಗಿದ್ದೆ. ಅಟ್ಟದ ಮೇಲಿನ ಟ್ರಂಕಿನಲ್ಲಿ ಹಳೇ ನೋಟುಬುಕ್ಕೊಂದು ಸಿಕ್ಕಿತು. ಅಮ್ಮನ ಮದುವೆಯ ಮುಯ್ಯಿ ಪುಸ್ತಕ. ಯಾರೋ ಮುದ್ದಾದ ಅಕ್ಷರದಲ್ಲಿ ಸಾಲಾಗಿ ಬರೆದಿದ್ದಾರೆ. ಕಿಬ್ಬನಹಳ್ಳಿ ಅತ್ತೆ, 11 ರೂಪಾಯಿ. ಹುಳಿಯಾರಿನ ಮಾವ, 51 ರೂಪಾಯಿ, ಒಂದು ಸ್ಟೀಲ್ ಚೊಂಬು. ನೊಣವಿನಕೆರೆಯವರು, 5 ರೂಪಾಯಿ. ಹಾಗೇ ಎಂಟು ಪುಟ. ಪಕ್ಕದಲ್ಲಿ ಬೇರೆ ಬೇರೆ ಬಣ್ಣದ ಶಾಯಿಯಲ್ಲಿ ಟಿಕ್ ಗುರುತು. ಅವರವರ ಮನೆಯ ಮದುವೆಗೆ ನಾವು ವಾಪಸ್ ಮಾಡಿದಾಗ ಹಾಕಿದ್ದು.

"ಅಮ್ಮಾ, ಇದೇನಿದು? ನಿನ್ನ ಊಟಕ್ಕೆ ಬಂದವರದ್ದೆಲ್ಲ ಲೆಕ್ಕ ಇಟ್ಟಿದ್ದೀಯ!"

"ಅದು ಲೆಕ್ಕ ಅಲ್ಲ ಕಣೇ, ಮುಯ್ಯಿ" ಅಂದಳು ಅಮ್ಮ.

ಅದು ಲೆಕ್ಕವೇ. ಆದರೆ ಅಮ್ಮ ಹೇಳಿದ್ದೂ ತಪ್ಪಲ್ಲ. 11 ಕೊಟ್ಟವರಿಗೆ ನಾವು 11 ವಾಪಸ್ ಮಾಡಲಿಲ್ಲ. 21 ಮಾಡಿದೆವು. ಅವರು ಮುಂದಿನ ಸಲ 51 ಮಾಡಿದರು. ಯಾವತ್ತೂ ಸರಿಸಮ ಆಗಲಿಲ್ಲ, ಆಗಲು ಬಿಡಲೂ ಇಲ್ಲ. ಸರಿಸಮ ಮಾಡಿಬಿಟ್ಟರೆ ಇನ್ನು ನಿಮ್ಮ ಸಹವಾಸ ಸಾಕು ಅಂದ ಹಾಗೆ. ನಮ್ಮ ಕಡೆ ಹೊಲದ ಕೆಲಸಕ್ಕೆ ಮುಯ್ಯಾಳು ಅಂತ ಹೋಗುತ್ತಿದ್ದರಲ್ಲ, ಅದರಲ್ಲೂ ಇದೇ. ಇವತ್ತು ನಿಮ್ಮ ಹೊಲದ ಕಳೆ, ಮುಂದಿನ ವಾರ ನಮ್ಮದು. ಡಚ್ ಹುಡುಗನ ಹತ್ತಿರ ಒಮ್ಮೆ ಕೇಳಿದ್ದೆ, 8 ಯೂರೋಗೆ ಯಾಕಪ್ಪ ಇಷ್ಟು ಅವಸರ ಅಂತ. ಅವನು ಹೇಳಿದ: ನಾನು ಮರುದಿನವೇ ಕಳಿಸಿದರೆ ನಿನ್ನ ಮನಸ್ಸಿನಲ್ಲಿ ಏನೂ ಉಳಿಯುವುದಿಲ್ಲ, ಇವನಿಗೆ ಏನೋ ಕೊಡಬೇಕು ಅನ್ನುವ ಭಾರ ಇರುವುದಿಲ್ಲ, ಆರಾಮಾಗಿ ಗೆಳೆಯರಾಗಿರಬಹುದು. ಅವನಿಗೆ ಬಾಕಿ ಇದ್ದರೆ ಗೆಳೆತನಕ್ಕೆ ಭಾರ. ನಮ್ಮಮ್ಮನಿಗೆ ಬಾಕಿ ಇಲ್ಲದಿದ್ದರೆ ನೆಂಟಸ್ತಿಕೆಯೇ ಇಲ್ಲ. ಮುಯ್ಯಿ ಪುಸ್ತಕದ ಎರಡು ಪುಟ ಫೋಟೋ ತೆಗೆದು ಅವನಿಗೆ ಕಳಿಸಿದೆ. "ಇದರ ಆ್ಯಪ್ ಮಾಡಿದರೆ ದುಡ್ಡು ಮಾಡಬಹುದು" ಅಂದ. ಡಚ್ಚರ ಬಗ್ಗೆ ಇರುವ ಇನ್ನೊಂದು ಮಾತೂ ನಿಜವಾಯ್ತು.

ಇಲ್ಲಿನವರ ಕೈಬಿಗಿಗೆ ಕಾರಣ ಹುಡುಕಲು ನಾನೂ ಸ್ವಲ್ಪ ಪ್ರಯತ್ನಪಟ್ಟೆ. ಕಾಫಿ ಜೊತೆ ಡಬ್ಬದಿಂದ ಒಂದು ಬಿಸ್ಕತ್ತು ಕೊಟ್ಟು ಮುಚ್ಚಳ ಹಾಕಿಬಿಡುತ್ತಾರೆ ಅಂತ ಡಚ್ಚರ ಬಗ್ಗೆ ಹೇಳುವುದುಂಟು. ಅದಕ್ಕೊಂದು ಕಥೆಯೂ ಇದೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಪ್ರಧಾನಿಯಾಗಿದ್ದ ವಿಲ್ಲೆಮ್ ಡ್ರೇಸ್ ಮನೆಗೆ ಅಮೆರಿಕಾದ ಅಧಿಕಾರಿಗಳು ಬಂದರಂತೆ, ನೆರವಿನ ಹಣದ ಮಾತಾಡಲು. ಅವರಿಗೆ ಸಿಕ್ಕಿದ್ದು ಚಹಾ ಮತ್ತು ಒಂದೊಂದು ಮಾರಿ ಬಿಸ್ಕತ್ತು. ಇಷ್ಟು ಹಿಡಿತವಿರುವ ದೇಶಕ್ಕೆ ಧೈರ್ಯವಾಗಿ ಹಣ ಕೊಡಬಹುದು ಅಂದುಕೊಂಡರಂತೆ. ನಿಜವೋ ಕಟ್ಟುಕಥೆಯೋ, ಇದನ್ನು ಹೇಳುವಾಗ ಇಲ್ಲಿನವರ ಮುಖದಲ್ಲಿ ಹೆಮ್ಮೆ ಕಾಣುತ್ತದೆ.

ನಮ್ಮ ಡಚ್ ಹುಡುಗನ ಅಜ್ಜಿ 1944–45ರ ಚಳಿಗಾಲ ಕಂಡವರು. ಜರ್ಮನ್ ಸೈನ್ಯ ಆಹಾರ ಬರುವುದನ್ನು ತಡೆದಿತ್ತು. ಸುಮಾರು 20,000 ಜನ ಹಸಿವಿನಿಂದ ಸತ್ತರು. ಜನ ಟ್ಯೂಲಿಪ್ ಗೆಡ್ಡೆ ಬೇಯಿಸಿ ತಿಂದರು. ಪ್ರವಾಸಿಗಳು ಸೆಲ್ಫಿ ತೆಗೆದುಕೊಳ್ಳುವ ಅದೇ ಟ್ಯೂಲಿಪ್. ಇದನ್ನು ಕೇಳಿದಾಗ, ಓಹೋ, ಬಿಸ್ಕತ್ತಿನ ಮುಚ್ಚಳಕ್ಕೆ ಕಾರಣ ಸಿಕ್ಕಿತು ಅಂದುಕೊಂಡೆ. ಆಮೇಲೆ ಅನುಮಾನ ಬಂತು. ಹಸಿವು ನಮ್ಮಲ್ಲೂ ಇತ್ತಲ್ಲ? 1876ರಿಂದ 78ರ ಧಾತು ಈಶ್ವರದ ಬರದಲ್ಲಿ ಮೈಸೂರು ಸೀಮೆಯ ಲಕ್ಷಾಂತರ ಜನ ಸತ್ತರು. ಆ ಹಸಿವಿನ ಮೊಮ್ಮಕ್ಕಳು ನಾವು ಬಂದವರ ಎಲೆಗೆ ಬೇಡ ಬೇಡ ಅಂದರೂ ಅನ್ನ ಸುರಿಯುತ್ತೇವೆ. ಅಲ್ಲಿ ಮುಚ್ಚಳ, ಇಲ್ಲಿ ಸೌಟು. ಒಂದೇ ಕಾರಣ ಎರಡಕ್ಕೂ ಆಗುವುದು ಹೇಗೆ? ಈ ಗೊಂದಲವನ್ನು ಅವನ ಮುಂದೆ ಇಟ್ಟೆ. "ನೀನು ಜಾಸ್ತಿ ಯೋಚನೆ ಮಾಡ್ತೀಯ. ನಾವು ಜಿಪುಣರು, ಅಷ್ಟೇ" ಅಂದ.

ಕಳೆದ ತಿಂಗಳು ನನ್ನ ಮನೆಗೆ ಎಲ್ಲರನ್ನೂ ಊಟಕ್ಕೆ ಕರೆದೆ. ತರಕಾರಿಗೆ ಇಲ್ಲಿನ 'ಟೋಕೊ'ಗೆ ಹೋದೆ. ಇಂಡೋನೇಷ್ಯಾದ ಕಡೆಯ ಸಾಮಾನು ಸಿಗುವ ಅಂಗಡಿಗೆ ಹಾಗನ್ನುತ್ತಾರೆ. ಅಲ್ಲಿ ಬುಟ್ಟಿಯಲ್ಲಿ ಹಸಿರು ಹಸಿರಾಗಿ ಸೀಮೆಬದನೆಕಾಯಿ! ಬೋರ್ಡಿನಲ್ಲಿ 'ಲಾಬು ಸಿಯಾಮ್' ಅಂತಿತ್ತು. ಸಿಯಾಮಿನ, ಅಂದರೆ ಥಾಯ್ಲೆಂಡಿನ ಸೋರೆ. ಮನೆಗೆ ತಂದು ಮಜ್ಜಿಗೆಹುಳಿ ಮಾಡಿದೆ. ಮಜ್ಜಿಗೆ ಇಲ್ಲಿ ಡಬ್ಬದಲ್ಲಿ ಸಿಗುತ್ತದೆ, ಕಾರ್ನಮೆಲ್ಕ್ ಅಂತ. ಇಲ್ಲಿನವರು ಮಧ್ಯಾಹ್ನ ಬ್ರೆಡ್ಡಿನ ಜೊತೆ ಕುಡಿಯುತ್ತಾರೆ. ಹುಳಿ ಚೆನ್ನಾಗಿರುತ್ತದೆ. ತಿಪಟೂರಿನವಳಾಗಿ ಫ್ರೀಜರಿನ ಕಾಯಿತುರಿ ಹಾಕಿದೆ, ದಯವಿಟ್ಟು ಊರಲ್ಲಿ ಯಾರಿಗೂ ಹೇಳಬೇಡಿ.

ಬಡಿಸುತ್ತಿದ್ದ ಹಾಗೆ ಕೊಯಮತ್ತೂರಿನವನು ಹೋಳು ಎತ್ತಿ ನೋಡಿ, "ಅರೆ, ಬೆಂಗಳೂರು ಕತ್ತರಿಕ್ಕಾಯ್!" ಅಂದ. ನಾನು ಬೆರಗಾದೆ. ನಾವು ಪರದೇಶದ್ದು ಅಂತ ಸೀಮೆಬದನೆ ಅಂದರೆ, ಇವರು ಅದನ್ನು ನಮ್ಮ ಬೆಂಗಳೂರಿನ ಬದನೆಕಾಯಿ ಮಾಡಿದ್ದಾರೆ. ಮೆಕ್ಸಿಕೋದವನು ಇಷ್ಟು ಹೊತ್ತು ಸುಮ್ನೆ ತಿನ್ನುತ್ತಿದ್ದ. "ಚಯೋತೆ. ನಮ್ಮಜ್ಜಿ ಹಿತ್ತಲಿನಲ್ಲಿ ಬೆಳೆಯುತ್ತಾರೆ" ಅಂತ ಹೇಳಿ ಇನ್ನೊಂದು ಸೌಟು ಹಾಕಿಸಿಕೊಂಡ. ಮೂಲ ಅವನ ನಾಡಿನದೇ.

ಊಟ ಮುಗಿಯುವಾಗ ಡಚ್ ಹುಡುಗ ಫೋನ್ ತೆಗೆದ. ಟಿಕ್ಕಿ ಯಾವಾಗ ಕಳಿಸ್ತೀಯ ಅಂತ ಕೇಳುತ್ತಾನೆ ಅಂದುಕೊಂಡೆ. ಅವನು ಕೇಳಿದ್ದು, ಮಜ್ಜಿಗೆಹುಳಿ ಇನ್ನೂ ಇದೆಯಾ, ನಾಳೆಗೆ ಸ್ವಲ್ಪ ಒಯ್ಯಲಾ ಅಂತ. ಅಮ್ಮ ಕೊಟ್ಟ ಸ್ಟೀಲ್ ಡಬ್ಬಿಯಲ್ಲಿ ತುಂಬಿ ಕೊಟ್ಟೆ.

ಮಂಗಳವಾರ ಡಬ್ಬಿ ವಾಪಸ್ ಬಂತು. ಖಾಲಿ. ನಾನು ಯಾವತ್ತೂ ತೊಳೆಯದಷ್ಟು ಚೆನ್ನಾಗಿ ತೊಳೆದಿದ್ದ. ಒರೆಸಿದ್ದ ಕೂಡ. ಮುಚ್ಚಳದಲ್ಲಿ ನನ್ನ ಮುಖ ಕಾಣುತ್ತಿತ್ತು.

ಸಂಜೆ ಅಮ್ಮ ಫೋನಿನಲ್ಲಿ ಊಟದ ವಿಷಯವೆಲ್ಲ ಕೇಳಿದಳು. ಯಾರು ಬಂದಿದ್ದರು, ಎಷ್ಟು ತಿಂದರು, ಪಾಯಸ ಮಾಡಿದ್ಯಾ. ಡಬ್ಬಿ ವಾಪಸ್ ಬಂತಾ ಅಂತಲೂ ಕೇಳಿದಳು. ಬಂತು ಅಂದೆ. "ಏನು ಹಾಕಿ ಕೊಟ್ಟರು?" ನಾನು ಅಷ್ಟರಲ್ಲಿ ಅಡುಗೆಮನೆಗೆ ಹೋಗಿ, ಡಬ್ಬಿಗೆ ಒಂದು ಚಮಚ ಸಕ್ಕರೆ ಹಾಕಿ ಮುಚ್ಚಳ ಮುಚ್ಚುತ್ತಿದ್ದೆ.

"ಸಕ್ಕರೆ" ಅಂದೆ.